ಹೈ-ರೆಸ್ ಸ್ಪೀಕರ್ ಕೊಳ್ಳುವ ಮುಂಚೆ ಕಾರಿನ ಬಾಗಿಲು ಬಿಚ್ಚಿ ನೋಡಿ

ಈಗ ಯಾವ ಕಾರ್ ಡೆಕೋರ್ ಅಂಗಡಿಗೆ ಹೋದರೂ ಕಪ್ಪು-ಬಂಗಾರ ಬಣ್ಣದ ‘ಹೈ-ರೆಸ್ ಆಡಿಯೋ’ ಸ್ಟಿಕ್ಕರ್ ಅಂಟಿಸಿದ ಪೆಟ್ಟಿಗೆ ಎದುರಿಗೇ ಇರುತ್ತದೆ. ಬೆಲೆ ಜಾಸ್ತಿ, ಆಸೆಯೂ ಜಾಸ್ತಿ. ಆ ಸ್ಟಿಕ್ಕರ್ ಯಾವುದಕ್ಕೆ ಗ್ಯಾರಂಟಿ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ, ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಬಿಸಿಲು ಧೂಳಿನಲ್ಲಿ ಅಂಥ ಸ್ಪೀಕರ್ ದುಡ್ಡಿಗೆ ತಕ್ಕಂತೆ ನುಡಿಯಬೇಕಾದರೆ ಏನೇನು ಮಾಡಬೇಕು ಎಂಬುದು ಈ ಬರಹ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬಾಗಿಲಿನ ಕೆಲಸಕ್ಕೆ ದುಡ್ಡು ತೆಗೆದಿಡಲು ಆಗದಿದ್ದರೆ ಹೈ-ರೆಸ್ ಸೆಟ್ ಬೇಡ. ಅರ್ಧ ಬೆಲೆಯ ಸ್ಪೀಕರ್ ತಂದು ಉಳಿದ ದುಡ್ಡನ್ನು ಬಾಗಿಲಿಗೆ ಹಾಕಿ, ಅದೇ ಚೆನ್ನಾಗಿ ಕೇಳಿಸುತ್ತದೆ.

ಸ್ಟಿಕ್ಕರ್ ಜಪಾನ್ ಆಡಿಯೋ ಸೊಸೈಟಿಯದು. ಸೋನಿ ಬಳಸುತ್ತಿದ್ದ ಲೋಗೊವನ್ನೇ 2014ರಲ್ಲಿ ಸೊಸೈಟಿ ತೆಗೆದುಕೊಂಡು, ನಿಯಮ ಮಾಡಿ, ಬೇರೆ ಕಂಪನಿಗಳಿಗೂ ಕೊಡತೊಡಗಿತು. ಡಿಜಿಟಲ್ ಉಪಕರಣವಾದರೆ 24 ಬಿಟ್, 96 ಕಿಲೋಹರ್ಟ್ಸ್ ಫೈಲನ್ನು, ಅಂದರೆ ಸದ್ದನ್ನು ಸೆಕೆಂಡಿಗೆ 96,000 ಸಲ ಅಳೆದು ಒಂದೊಂದು ಅಳತೆಯನ್ನೂ 24 ಬಿಟ್ಟಿನಲ್ಲಿ ಬರೆದ ಫೈಲನ್ನು, ನಿಭಾಯಿಸಬೇಕು. ಸ್ಪೀಕರ್ ಆದರೆ 40 ಕಿಲೋಹರ್ಟ್ಸ್‌ವರೆಗೆ, ಇಲ್ಲವೇ ಅದಕ್ಕೂ ಮೇಲೆ ಸದ್ದು ಕೊಡಬೇಕು (ಇಲ್ಲಿ ಒಂದು ಕಿಲೋಹರ್ಟ್ಸ್ ಎಂದರೆ ಸೆಕೆಂಡಿಗೆ ಸಾವಿರ ಕಂಪನ). ಜೊತೆಗೆ ಕಿವಿಯಿಂದ ಕೇಳಿ ಪರೀಕ್ಷಿಸಿರಬೇಕು. ಮನುಷ್ಯನ ಕಿವಿಗೆ ಎಳೆವಯಸ್ಸಿನಲ್ಲೇ 20 ಕಿಲೋಹರ್ಟ್ಸ್ ಕೊನೆ. ನಲವತ್ತು ದಾಟಿದ ಬಹಳ ಜನಕ್ಕೆ ಹದಿನೈದರ ಆಚೀಚೆಯೇ ನಿಂತುಹೋಗುತ್ತದೆ. ಹಾಗಾಗಿ 40 ಕಿಲೋಹರ್ಟ್ಸ್ ಅನ್ನುವುದು ನೀವು ಕೇಳುವ ಸದ್ದಲ್ಲ. ಅಲ್ಲಿಯವರೆಗೆ ಹೋಗಬಲ್ಲ ಟ್ವೀಟರ್, ಅಂದರೆ ಎತ್ತರದ ಸದ್ದು ನುಡಿಸುವ ಚಿಕ್ಕ ಸ್ಪೀಕರ್, ಎಂಥದ್ದು ಅನ್ನುವುದರ ಸೂಚನೆ.

ಆ ಸೂಚನೆಗೂ ಬೆಲೆ ಇದೆ. ಟ್ವೀಟರಿನ ಗುಮ್ಮಟ, ಅಂದರೆ ಡೋಮ್, ಒಂದು ಮಿತಿಯವರೆಗೆ ಇಡಿಯಾಗಿ ಹಿಂದೆ ಮುಂದೆ ಆಡುತ್ತದೆ. ಮಿತಿ ದಾಟಿದ ಮೇಲೆ ಅಂಚು ಒಂದು ಕಡೆ, ನಡುಭಾಗ ಇನ್ನೊಂದು ಕಡೆ ಅದುರಿ ಕರ್ಕಶ ಸದ್ದು ಹೊರಡುತ್ತದೆ. ಒಂದು ಇಂಚಿನ ಅಲ್ಯೂಮಿನಿಯಂ, ಟೈಟಾನಿಯಂ ಡೋಮ್‌ಗಳಲ್ಲಿ ಈ ಅದುರು ಸಾಮಾನ್ಯವಾಗಿ 25ರಿಂದ 30 ಕಿಲೋಹರ್ಟ್ಸ್ ಸುತ್ತ ಬರುತ್ತದೆ. ಕಳಪೆ ಮಾಲಿನಲ್ಲಿ ಕಿವಿಗೆ ಕೇಳುವಷ್ಟು ಕೆಳಗೇ ಬಂದುಬಿಡುತ್ತದೆ. 40ರವರೆಗೆ ಹೋಗಬೇಕೆಂದರೆ ಡೋಮ್ ಹಗುರವಾಗಿರಬೇಕು, ಗಟ್ಟಿಯಾಗಿರಬೇಕು, ಅದನ್ನು ಆಡಿಸುವ ತಂತಿಸುರುಳಿ, ಅಂದರೆ ಕಾಯಿಲ್, ಸುತ್ತಿದ್ದು ಅಚ್ಚುಕಟ್ಟಾಗಿರಬೇಕು. ಅಷ್ಟು ಮಾಡಿದ ಟ್ವೀಟರ್ 5ರಿಂದ 15 ಕಿಲೋಹರ್ಟ್ಸ್ ನಡುವೆ, ಅಂದರೆ ತಾಳ, ಗೆಜ್ಜೆ, ತಂಬೂರಿಯ ಜೀವ ಇರುವ ಜಾಗದಲ್ಲಿ, ಬಹುಮಟ್ಟಿಗೆ ಶುಭ್ರವಾಗಿ ನುಡಿಯುತ್ತದೆ. ಹೈ-ರೆಸ್ ಸೆಟ್ಟಿನಲ್ಲಿ ನಿಮಗೆ ದಕ್ಕುವ ಲಾಭ ಇಷ್ಟೇ, ಆದರೆ ಇದು ಚಿಕ್ಕ ಲಾಭವಲ್ಲ.

ಪೆಟ್ಟಿಗೆಯ ಮೇಲೆ ‘40 ಕಿಲೋಹರ್ಟ್ಸ್’ ಎಂದು ಬರೆದಿದ್ದರೆ, ಅಲ್ಲಿ ಸದ್ದು ಎಷ್ಟು ಡೆಸಿಬಲ್ ಇಳಿದಿದೆ ಎಂದೂ ಬರೆದಿದೆಯೇ ನೋಡಿ. ಗ್ರಾಫ್ ಕೊಟ್ಟಿರುವ ಕಂಪನಿಯನ್ನು ನಂಬುವುದು ಸುಲಭ. ಇನ್ನೊಂದು ವಿಷಯ ದಿಕ್ಕಿನದು. ಸದ್ದಿನ ಅಲೆಯ ಉದ್ದ ಡೋಮಿನ ಅಗಲಕ್ಕಿಂತ ಕಡಿಮೆಯಾದಂತೆ ಸದ್ದು ಹರಡುವುದು ನಿಂತು ನೇರವಾಗಿ ಮಾತ್ರ ಹೋಗುತ್ತದೆ. 25 ಮಿಲಿಮೀಟರ್ ಡೋಮಿಗೆ ಈ ಗಡಿ ಸುಮಾರು 13.7 ಕಿಲೋಹರ್ಟ್ಸ್. 40 ಕಿಲೋಹರ್ಟ್ಸ್‌ನಲ್ಲಿ ಅಲೆಯ ಉದ್ದ ಒಂಬತ್ತು ಮಿಲಿಮೀಟರ್ ಕೂಡ ಇಲ್ಲ. ಮೊಣಕಾಲಿನ ಹತ್ತಿರ ಬಾಗಿಲಿನಲ್ಲಿ ಕೂತ ಕೊಯಾಕ್ಸಿಯಲ್ ಸ್ಪೀಕರಿನ (ತಗ್ಗಿನ ಸದ್ದು ನುಡಿಸುವ ವೂಫರಿನ ನಡುವೆಯೇ ಟ್ವೀಟರ್ ಕೂರಿಸಿದ್ದು) ಟ್ವೀಟರ್ ಎಷ್ಟು ದುಬಾರಿಯಾದರೂ ಈ ಗಡಿ ದಾಟಿದ ಸದ್ದು ನಿಮ್ಮ ಪ್ಯಾಂಟಿಗೆ ಬಡಿಯುತ್ತದೆ, ಕಿವಿಗೆ ಬರುವುದಿಲ್ಲ. ಅದಕ್ಕೇ ಹೈ-ರೆಸ್ ಬೇಕಾದರೆ ಟ್ವೀಟರ್ ಬೇರೆ, ವೂಫರ್ ಬೇರೆ ಇರುವ ಕಾಂಪೊನೆಂಟ್ ಸೆಟ್ಟನ್ನೇ ತೆಗೆದುಕೊಳ್ಳಿ.

ಹಾಡು ಎಲ್ಲಿಂದ ಬರುತ್ತಿದೆ?

ಸಿಡಿಯಲ್ಲಿ ಸೆಕೆಂಡಿಗೆ 44,100 ಸ್ಯಾಂಪಲ್, ಅಂದರೆ ಸದ್ದಿನ ಅಳತೆ; ಹಾಗಾಗಿ ಅದರ ಅರ್ಧ, 22.05 ಕಿಲೋಹರ್ಟ್ಸ್ ಮೇಲೆ ಏನೂ ಇಲ್ಲ. ಯೂಟ್ಯೂಬಿನ ಹಾಡು ಅದಕ್ಕಿಂತ ಹಿಂಡಿದ್ದು. ಬ್ಲೂಟೂತ್‌ನಲ್ಲಿ ಮಾಮೂಲಿ ಎಸ್‌ಬಿಸಿ ಕೊಡೆಕ್ (ಹಾಡನ್ನು ಹಿಂಡಿ ಕಳಿಸುವ ವಿಧಾನ) ಹೆಚ್ಚೆಂದರೆ ಸೆಕೆಂಡಿಗೆ 328 ಕಿಲೋಬಿಟ್ ಸಾಗಿಸುತ್ತದೆ. ಎಲ್‌ಡ್ಯಾಕ್ ಎಂಬ ಕೊಡೆಕ್ ಇದ್ದರೆ 990ರವರೆಗೆ ಹೋಗುತ್ತದೆ; ಆಂಡ್ರಾಯ್ಡ್ 8ರಿಂದ ಈಚಿನ ಬಹಳ ಫೋನುಗಳಲ್ಲಿ ಇದೆ, ಐಫೋನಿನಲ್ಲಿ ಇಲ್ಲ. ಫೋನಿನಲ್ಲಿ ಇದ್ದರೆ ಸಾಲದು, ಕಾರಿನ ಸೆಟ್ಟಿನಲ್ಲೂ ಇರಬೇಕು. ಇಲ್ಲದಿದ್ದರೆ ಎರಡೂ ಎಸ್‌ಬಿಸಿಗೋ ಎಎಸಿಗೋ ಇಳಿದು ಒಪ್ಪಂದ ಮಾಡಿಕೊಳ್ಳುತ್ತವೆ, ಎಷ್ಟೋ ಸಲ ಪರದೆಯ ಮೇಲೆ ಅದರ ಸುಳಿವೂ ಕಾಣುವುದಿಲ್ಲ. ಎಲ್ಲಕ್ಕಿಂತ ಸುಲಭದ ದಾರಿ ಪೆನ್ ಡ್ರೈವಿನಲ್ಲಿ ಫ್ಲ್ಯಾಕ್ ಫೈಲ್ (ಗುಣ ಕಳೆಯದೆ ಹಿಂಡಿದ್ದು) ಹಾಕುವುದು.

ಡಿಎಸ್‌ಪಿ, ಅಂದರೆ ಸದ್ದನ್ನು ಡಿಜಿಟಲ್ ಆಗಿ ತಿದ್ದುವ ಪೆಟ್ಟಿಗೆ, ಹಾಕಿಸುವವರು ಒಂದು ಪ್ರಶ್ನೆ ಕೇಳಲೇಬೇಕು: ಒಳಗೆ ಯಾವ ಸ್ಯಾಂಪಲ್ ದರದಲ್ಲಿ ಓಡುತ್ತದೆ? 48 ಕಿಲೋಹರ್ಟ್ಸ್ ಆದರೆ ನಿಮ್ಮ 96ರ ಫೈಲ್ ಅಲ್ಲಿಗೆ ಬಂದು 24 ಕಿಲೋಹರ್ಟ್ಸ್‌ಗೆ ಕತ್ತರಿಸಿಕೊಳ್ಳುತ್ತದೆ. ಇದರಿಂದ ಕಿವಿಗೆ ನಷ್ಟವೇನಿಲ್ಲ. ಆದರೆ ‘ಪೂರ್ತಿ ಹೈ-ರೆಸ್ ಸಿಸ್ಟಮ್’ ಎಂದು ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ. 24 ಬಿಟ್ ವಿಷಯದಲ್ಲೂ ಹೀಗೇ. 16 ಬಿಟ್ಟಿನಲ್ಲೇ ಸುಮಾರು 96 ಡೆಸಿಬಲ್ ಏರಿಳಿತಕ್ಕೆ ಜಾಗವಿದೆ. ಕೊಪ್ಪಳದಿಂದ ಹೊಸಪೇಟೆ ಕಡೆಗೆ ಹೆದ್ದಾರಿಯಲ್ಲಿ ಎಂಬತ್ತರ ವೇಗದಲ್ಲಿ ಹೊರಟರೆ ಟೈರು, ಗಾಳಿಯ ಸದ್ದೇ ಕಾರಿನೊಳಗೆ 65ರಿಂದ 70 ಡೆಸಿಬಲ್ ಮುಟ್ಟುತ್ತದೆ. 16 ಬಿಟ್ಟಿನ ಕೊನೆಯ ಪಿಸುಮಾತು ಕೂಡ ಅದರಡಿ ಹೂತುಹೋಗುತ್ತದೆ.

ಧ್ವನಿಮುದ್ರಣದ ಗುಣವೇ ಇವೆಲ್ಲಕ್ಕಿಂತ ದೊಡ್ಡದು. ಪಂಡಿತ ಸಿದ್ದರಾಮ ಜಂಬಲದಿನ್ನಿಯವರ ಗಾಯನ ಹಳೆಯ ಕ್ಯಾಸೆಟ್‌ನಿಂದ ಇಳಿಸಿದ ಫೈಲಾದರೆ ಅದರಲ್ಲಿ ಹದಿನಾಲ್ಕು, ಹದಿನೈದು ಕಿಲೋಹರ್ಟ್ಸ್ ಮೇಲೆ ಇರುವುದು ಬಹುತೇಕ ಟೇಪಿನ ಸುಯ್ಯೆನ್ನುವ ಸದ್ದು. ಒಳ್ಳೆಯ ಟ್ವೀಟರ್ ಆ ಸುಯ್ಯನ್ನೂ ನಿಚ್ಚಳವಾಗಿ ತೋರಿಸುತ್ತದೆ. ಅಂಥ ಹಾಡೇ ಹೆಚ್ಚು ಕೇಳುವವರು ಮೆತ್ತನೆಯ ರೇಷ್ಮೆ ಡೋಮ್ ಇರುವ ಸೆಟ್ ನೋಡಲಿ ಎಂಬುದು ನನ್ನ ಸಲಹೆ.

ವ್ಯಾಟಿನ ಲೆಕ್ಕ

ಸ್ಟೀರಿಯೊ ಮೇಲೆ ‘4×50 ವ್ಯಾಟ್’ ಎಂದು ಬರೆದಿರುತ್ತದೆ. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ 14.4 ಎಂದಿಟ್ಟುಕೊಳ್ಳಿ. 14.4ರ ವರ್ಗವನ್ನು 4 ಓಮಿನಿಂದ ಭಾಗಿಸಿದರೆ 51.8 ವ್ಯಾಟ್. ಬರೆದ ಐವತ್ತು ಇಲ್ಲಿಂದ ಬಂದದ್ದು. ಆದರೆ ಇದು ಸ್ಟೀರಿಯೊದ ಮಿತಿ ಮೀರಿ ಅಲೆಯ ತಲೆ ಕತ್ತರಿಸಿಹೋಗಿ ಸದ್ದು ಪೂರ್ತಿ ಚೌಕವಾಗಿ ಒಡೆದಾಗಿನ ಲೆಕ್ಕ. ಒಡೆಯದ ಶುದ್ಧ ಅಲೆಗೆ ಅದರ ಅರ್ಧ, 26 ವ್ಯಾಟ್. ಒಳಗಿನ ಸೋರಿಕೆ ಕಳೆದರೆ ಕೈಗೆ ಸಿಗುವುದು ಹದಿನೈದರಿಂದ ಇಪ್ಪತ್ತು. ಸ್ಪೀಕರಿನ ಪೆಟ್ಟಿಗೆಯಲ್ಲೂ ಪೀಕ್ (ಕ್ಷಣಮಾತ್ರದ) ಅಂಕಿ ಬಿಟ್ಟು ಆರ್‌ಎಂಎಸ್ (ನಿರಂತರ ತಾಳುವ) ಅಂಕಿ ಓದಿ.

ಸೆನ್ಸಿಟಿವಿಟಿ, ಅಂದರೆ ಇಷ್ಟು ಪವರಿಗೆ ಎಷ್ಟು ಸದ್ದು ಎಂಬ ಅಂಕಿ, ಓದುವಾಗಲೂ ಎಚ್ಚರ. ಕೆಲವರು 1 ವ್ಯಾಟ್‌ಗೆ ಅಳೆಯುತ್ತಾರೆ, ಕೆಲವರು 2.83 ವೋಲ್ಟ್‌ಗೆ. 4 ಓಮ್ ಸ್ಪೀಕರಿಗೆ 2.83 ವೋಲ್ಟ್ ಎಂದರೆ 2 ವ್ಯಾಟ್. ಹಾಗಾಗಿ ಅಂಥ ಅಂಕಿಯಿಂದ 3 ಡೆಸಿಬಲ್ ಕಳೆದು ಹೋಲಿಸಬೇಕು. ಹೈ-ರೆಸ್ ಸೆಟ್ಟುಗಳಲ್ಲಿ 86, 87 ಡೆಸಿಬಲ್ಲಿನವು ಬಹಳ. ಅವನ್ನು ಬರೀ ಸ್ಟೀರಿಯೊಗೆ ಕಟ್ಟಿದರೆ ವಾಲ್ಯೂಮ್ ಕೊನೆಗೆ ತಿರುಗಿಸುತ್ತೀರಿ, ಅಲೆ ಒಡೆಯುತ್ತದೆ, ಒಡೆದ ಅಲೆಯ ಹೆಚ್ಚುವರಿ ಶಕ್ತಿಯೆಲ್ಲ ಮೇಲಿನ ಕಂಪನಾಂಕಕ್ಕೆ ಹೋಗಿ ಮೊದಲು ಸುಡುವುದು ಟ್ವೀಟರ್. ಟ್ವೀಟರ್ ಸುಟ್ಟಾಗ ‘ಆಂಪ್ (ಆಂಪ್ಲಿಫೈಯರ್) ಜಾಸ್ತಿ ಪವರ್ ಕೊಟ್ಟಿತು’ ಅನ್ನುತ್ತಾರೆ. ಎಷ್ಟೋ ಸಲ ಕಾರಣ ಪವರ್ ಸಾಲದೆ ಹೋದದ್ದು. ನಾಲ್ಕು ಚಾನೆಲ್‌ಗೆ ತಲಾ 75 ವ್ಯಾಟ್ ಆರ್‌ಎಂಎಸ್ ಕೊಡುವ ಆಂಪ್ ಇಂಥ ಸೆಟ್ಟಿಗೆ ಸರಿ.

ಬಿಸಿಲು, ಅದಿರು, ಸ್ಪಾಂಜ್ ಐರನ್ ಪುಡಿ

ಬೇರೆ ಊರಿನ ಸಲಹೆಯನ್ನು ನಮ್ಮ ಕಡೆ ಹಾಗೇ ನಂಬಿದರೆ ಕೆಡುವುದು ಇಲ್ಲೇ. ಸಂಡೂರು, ತೋರಣಗಲ್ಲು ದಾರಿಯ ಕೆಂಪು ಅದಿರು ಧೂಳು, ಗಿಣಿಗೇರಾ ಸುತ್ತಿನ ಸ್ಪಾಂಜ್ ಐರನ್ ಕಾರ್ಖಾನೆಗಳ ಕಪ್ಪು ಪುಡಿ, ಶಕ್ತಿನಗರದ ಹಾರುಬೂದಿ ಇವೆಲ್ಲ ಒಂದೇ ಬಗೆಯವಲ್ಲ. ಬೂದಿ ಸವೆಸುತ್ತದೆ. ಅದಿರಿನ ಕೆಂಪು ಪುಡಿಯನ್ನು ಅಯಸ್ಕಾಂತ ಅಷ್ಟಾಗಿ ಸೆಳೆಯುವುದಿಲ್ಲ. ಸ್ಪಾಂಜ್ ಐರನ್ ಪುಡಿ ಮಾತ್ರ ಹೆಚ್ಚುಕಡಿಮೆ ಶುದ್ಧ ಕಬ್ಬಿಣ, ಸ್ಪೀಕರಿನ ಮ್ಯಾಗ್ನೆಟ್ ಅದನ್ನು ಹಿಡಿದರೆ ಬಿಡುವುದಿಲ್ಲ. ಕಾಯಿಲ್ ಆಡುವ ಸಂದು ಒಂದು ಮಿಲಿಮೀಟರಿನ ಆಸುಪಾಸು. ಅಲ್ಲಿ ನಾಲ್ಕು ಕಣ ನಿಂತರೆ ಕಾಯಿಲಿನ ವಾರ್ನಿಷ್ ಕೆರೆಯುತ್ತವೆ, ಕೊನೆಗೆ ಸುತ್ತು ಶಾರ್ಟ್ ಆಗುತ್ತದೆ.

ಹಾಗಾಗಿ ಕೊಳ್ಳುವಾಗ ವೂಫರನ್ನು ತಿರುವಿ ಹಿಂಭಾಗ ನೋಡಿ. ಮ್ಯಾಗ್ನೆಟ್ಟಿನ ನಡುವೆ ಗಾಳಿಕಂಡಿ ಇದ್ದರೆ ಅದಕ್ಕೆ ಸಣ್ಣ ಜಾಲರಿ ಇರಲೇಬೇಕು. ಕೋನಿನ, ಅಂದರೆ ವೂಫರಿನಲ್ಲಿ ಹಿಂದೆ ಮುಂದೆ ಆಡುವ ತಟ್ಟೆಯ, ಸುತ್ತಿನ ಅಂಚು ರಬ್ಬರಿನದಾಗಿರಲಿ. ಫೋಮ್ ಅಂಚು ನಮ್ಮ ಬೇಸಿಗೆಯಲ್ಲಿ ಹಪ್ಪಳದಂತೆ ಪುಡಿಯಾಗುತ್ತದೆ. ಟ್ವೀಟರಿನ ಮುಂದಿನ ಜಾಲರಿ ಲೋಹದ್ದಾಗಿರಲಿ. ರೇಷ್ಮೆ ಡೋಮಿನ ಲೇಪಕ್ಕೆ ಸ್ವಲ್ಪ ಅಂಟುಗುಣ ಇರುವುದರಿಂದ ಧೂಳು ಹಿಡಿಯುತ್ತದೆ, ಬಟ್ಟೆಯಿಂದ ಒರೆಸಲು ಹೋದರೆ ಗುಂಡಿ ಬೀಳುತ್ತದೆ. ಮೆತ್ತನೆಯ ಬಣ್ಣದ ಬ್ರಶ್ ಸಾಕು. ವಾಟರ್ ಸರ್ವಿಸಿಗೆ ಬಿಟ್ಟಾಗ ಏರ್ ಗನ್ನನ್ನು ಸ್ಪೀಕರ್ ಜಾಲರಿಗೆ ಹಿಡಿಯಬೇಡಿ ಎಂದು ಹುಡುಗರಿಗೆ ಮೊದಲೇ ಹೇಳಿ. ಆ ಗಾಳಿ ಧೂಳನ್ನು ಹೊರಗೆ ತರುವುದಿಲ್ಲ, ಸಂದಿಗೆ ತುಂಬುತ್ತದೆ.

ಬಿಸಿಲಿನ ಮಾತು ಟ್ವೀಟರಿಗೆ ಹೆಚ್ಚು ಸಂಬಂಧಿಸಿದ್ದು. ಚಿಕ್ಕ ಟ್ವೀಟರುಗಳಲ್ಲಿ ಇರುವುದು ನಿಯೋಡೈಮಿಯಂ ಮ್ಯಾಗ್ನೆಟ್. ಸಾಮಾನ್ಯ ದರ್ಜೆಯದಕ್ಕೆ 80 ಡಿಗ್ರಿ ಮಿತಿ. ದಾಟಿದರೆ ಕಳೆದುಕೊಂಡ ಬಲ ತಣ್ಣಗಾದ ಮೇಲೂ ಪೂರ್ತಿ ಮರಳುವುದಿಲ್ಲ. ಮೇ ತಿಂಗಳಲ್ಲಿ ಗಾಜು ಮುಚ್ಚಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲ್ಮೈ 70 ಡಿಗ್ರಿ ಮುಟ್ಟುವುದು ದೊಡ್ಡ ಮಾತಲ್ಲ. ಡ್ಯಾಶ್‌ಬೋರ್ಡ್ ಮೇಲೆ ಕಪ್ಪು ಟ್ವೀಟರ್ ಅಂಟಿಸುವುದಕ್ಕಿಂತ ಕನ್ನಡಿಯ ಮೂಲೆಯ ತ್ರಿಕೋನ ಪ್ಲಾಸ್ಟಿಕ್ಕಿನಲ್ಲಿ ಕೂರಿಸುವುದು ಲೇಸು. ಮುಂದಿನ ಗಾಜಿಗೆ ಸನ್‌ಶೇಡ್ ಅಂತೂ ಬೇಕೇ ಬೇಕು.

ಬಾಗಿಲು

ಡೋರ್ ಪ್ಯಾಡ್ ತೆಗೆಯುವ ಮೊದಲು ಆ ಮಾಡೆಲ್ಲಿನ ಪ್ಲಾಸ್ಟಿಕ್ ಕ್ಲಿಪ್ ಐದಾರು ತಂದಿಟ್ಟುಕೊಳ್ಳಿ, ಹಳೆಯವು ಒಂದೆರಡಾದರೂ ಮುರಿಯುತ್ತವೆ. ಹಿಡಿಕೆಯ ಹಿಂದಿನ ಸ್ಕ್ರೂ, ಕೆಳಗಿನ ಸ್ಕ್ರೂ ಬಿಚ್ಚಿ ಪ್ಯಾಡನ್ನು ಮೇಲಕ್ಕೆತ್ತಿದರೆ ಹಿಂದೆ ತೆಳು ಪ್ಲಾಸ್ಟಿಕ್ ಹಾಳೆ, ಅದರ ಸುತ್ತ ಕಪ್ಪು ಅಂಟು. ಹಾಳೆ ಬಿಡಿಸಿದಾಗ ಕೈ ತೂರುವಷ್ಟು ದೊಡ್ಡ ಎರಡು ಮೂರು ಕಿಂಡಿ ಕಾಣುತ್ತವೆ. ಬಾಸ್ ಸೋರುವುದು ಅಲ್ಲೇ. ಕೋನ್ ಮುಂದೆ ತಳ್ಳಿದಾಗ ಹಿಂದೆ ಗಾಳಿ ಎಳೆದುಕೊಳ್ಳುತ್ತದೆ. ಮುಂದಿನ ಒತ್ತಡ, ಹಿಂದಿನ ಎಳೆತ ಕಿಂಡಿಯಲ್ಲಿ ಕೂಡಿ ಒಂದನ್ನೊಂದು ಅಳಿಸಿಬಿಡುತ್ತವೆ. ಎಷ್ಟೇ ದುಬಾರಿ ವೂಫರ್ ಹಾಕಿದರೂ ತಬಲದ ಬಾಯಾಂ ಟೊಳ್ಳಾಗಿ ಕೇಳುವುದಕ್ಕೆ ಇದೇ ಕಾರಣ.

ಒಳಗೆ ಕೈ ಹಾಕಿ ಹೊರತಗಡಿನ ಒಳಮೈ ಸವರಿದರೆ ಬೆರಳಿಗೆ ಕೆಂಪು ಧೂಳು ಮೆತ್ತಿಕೊಳ್ಳುತ್ತದೆ. ಅದನ್ನು ಪೂರ್ತಿ ತೆಗೆಯದೆ ಡ್ಯಾಂಪಿಂಗ್ ಶೀಟ್ (ತಗಡಿನ ಅದುರು ತಗ್ಗಿಸುವ ಹಾಳೆ) ಅಂಟಿಸಿದರೆ ಮೊದಲ ಬೇಸಿಗೆಗೇ ಕಳಚುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ. ಪೆಟ್ರೋಲ್ ಬೇಡ, ಎಣ್ಣೆಯ ಪದರ ಉಳಿಸುತ್ತದೆ. ಥಿನ್ನರ್ ಬೇಡ, ಬಣ್ಣ ತಿನ್ನುತ್ತದೆ. ಶೀಟು 2 ಮಿಲಿಮೀಟರ್ ದಪ್ಪದ ಬ್ಯೂಟೈಲ್ ರಬ್ಬರ್, ಮೇಲೆ ಅಲ್ಯೂಮಿನಿಯಂ ಹಾಳೆ ಇರುವಂಥದ್ದಾಗಲಿ. ಕಡಿಮೆ ಬೆಲೆಗೆ ಸಿಗುವ ಟಾರಿನ ಶೀಟು ನಮ್ಮ ಬಿಸಿಲಿಗೆ ಕರಗಿ ಜಾರುತ್ತದೆ, ಕಾರಿನ ತುಂಬ ಡಾಂಬರು ವಾಸನೆ. ಹೊರತಗಡನ್ನು ಪೂರ್ತಿ ಮುಚ್ಚುವ ಅಗತ್ಯವಿಲ್ಲ. ವೂಫರಿನ ಹಿಂದೆ ಒಂದು ತುಂಡು, ನಡುಭಾಗದಲ್ಲಿ ಬೆರಳಿನಿಂದ ಬಡಿದಾಗ ‘ಠಣ್’ ಅನ್ನುವ ಕಡೆ ಒಂದೆರಡು ತುಂಡು, ಒಟ್ಟಾರೆ ಮೂರರಲ್ಲಿ ಒಂದು ಭಾಗ ಮುಚ್ಚಿದರೆ ಸಾಕು. ರೋಲರಿನಿಂದ ಹಾಳೆಯ ಮೇಲಿನ ಉಬ್ಬು ಗೆರೆಗಳು ಸಮತಟ್ಟಾಗುವವರೆಗೆ ಒತ್ತಿ.

ದೊಡ್ಡ ಕಿಂಡಿಗಳ ಮೇಲೆ ಬರೀ ಶೀಟ್ ಎಳೆದು ಅಂಟಿಸುವುದು ಎಲ್ಲ ಕಡೆ ನಡೆಯುವ ಕೆಲಸ. ಬಿಸಿಗೆ ಅದು ಜೋತುಬೀಳುತ್ತದೆ, ಬಾಸಿಗೆ ಡೋಲಿನ ಚರ್ಮದಂತೆ ಆಡುತ್ತದೆ. ಬೋರ್ಡ್ ಬರೆಯುವವರ ಅಂಗಡಿಯಲ್ಲಿ 3 ಮಿಲಿಮೀಟರ್ ಎಸಿಪಿ ಶೀಟಿನ (ಎರಡು ಅಲ್ಯೂಮಿನಿಯಂ ಹಾಳೆಯ ನಡುವೆ ಪ್ಲಾಸ್ಟಿಕ್) ಚೂರು ಸಿಗುತ್ತದೆ. ಕಿಂಡಿಗಿಂತ ಎರಡು ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ, ಅಂಚಿಗೆ ಫೋಮ್ ಟೇಪ್ ಹಾಕಿ, ಸ್ಕ್ರೂನಿಂದ ಕೂರಿಸಿ. ನಾಳೆ ಪವರ್ ವಿಂಡೋ ಕೆಟ್ಟರೆ ಬಿಚ್ಚಲು ಬರುತ್ತದೆ. ಬಾಗಿಲಿನ ತಳದಲ್ಲಿ ಮಳೆನೀರು ಇಳಿಯುವ ಸಣ್ಣ ತೂತುಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬೇಡಿ, ನೀರು ನಿಂತು ತಗಡು ತುಕ್ಕು ಹಿಡಿಯುತ್ತದೆ.

ಗಾಜನ್ನು ಪೂರ್ತಿ ಕೆಳಗಿಳಿಸಿ, ಸ್ಪೀಕರ್ ಜಾಗದಿಂದ ಗಾಜಿನವರೆಗೆ ಎಷ್ಟು ಆಳ ಇದೆ ಅಳೆಯಿರಿ. ವೂಫರಿನ ಆಳ ಅದಕ್ಕಿಂತ ಕನಿಷ್ಠ 5 ಮಿಲಿಮೀಟರ್ ಕಡಿಮೆ ಇರಬೇಕು. ಸಾಲದಿದ್ದರೆ ಸ್ಪೇಸರ್ ರಿಂಗ್. ಎಂಡಿಎಫ್ ರಿಂಗ್ ಬೇಡ, ಗಾಜಿನ ಮೇಲಿಂದ ಇಳಿಯುವ ನೀರು ಕುಡಿದು ಉಬ್ಬಿ ಸ್ಕ್ರೂ ಹಿಡಿತ ಬಿಡುತ್ತದೆ. ಪ್ಲೈವುಡ್ ಅಂಗಡಿಯಲ್ಲಿ ಸಿಗುವ 18 ಮಿಲಿಮೀಟರ್ ಡಬ್ಲ್ಯೂಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿದ) ಬೋರ್ಡಿನಲ್ಲಿ ಕೊರೆಸಿ. ಕೊನೆಗೆ ವೂಫರಿನ ಮುಂದೆ, ಡೋರ್ ಪ್ಯಾಡಿನ ಜಾಲರಿಗೆ ತಾಗುವಂತೆ ಫೋಮ್ ಉಂಗುರ. ಇದನ್ನು ಬಿಟ್ಟರೆ ಸದ್ದಿನ ಒಂದು ಪಾಲು ಪ್ಯಾಡಿನ ಹಿಂದೆ ನುಗ್ಗಿ ಅದನ್ನೇ ಗಡಗಡಿಸುತ್ತದೆ.

ಟ್ವೀಟರ್ ಮತ್ತು ಕ್ರಾಸ್‌ಓವರ್

ಸೆಟ್ಟಿನ ಜೊತೆ ಬಂದ ಕ್ರಾಸ್‌ಓವರ್ ಪೆಟ್ಟಿಗೆಯನ್ನು, ಅಂದರೆ ಎತ್ತರದ ಸದ್ದನ್ನು ಟ್ವೀಟರಿಗೂ ತಗ್ಗಿನದನ್ನು ವೂಫರಿಗೂ ಹಂಚುವ ಪೆಟ್ಟಿಗೆಯನ್ನು, ಬಿಸಾಡಿ ಟ್ವೀಟರ್ ವೈರಿಗೆ ಒಂದು 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿಸುವುದು ಕೆಲವರ ರೂಢಿ. 4 ಓಮ್ ಟ್ವೀಟರಿಗೆ ಅದರ ಕಡಿತ ಬೀಳುವುದು ಸುಮಾರು 8,500 ಹರ್ಟ್ಸ್‌ನಲ್ಲಿ. ವೂಫರ್ 4,000ದ ಹತ್ತಿರ ಮಂಕಾಗತೊಡಗಿದರೆ ನಡುವಿನ ಸದ್ದು, ಹಾಡುವವರ ‘ಸ’, ‘ಶ’, ತಾಳದ ಏಟು ಇರುವ ಜಾಗ, ಬರಿದಾಗುತ್ತದೆ. 4,000ಕ್ಕೆ ಕಡಿಯಬೇಕಾದರೆ 10 ಮೈಕ್ರೋಫ್ಯಾರಡ್ ಬೇಕು. ಆದರೆ ಒಂಟಿ ಕೆಪಾಸಿಟರ್ ಆಕ್ಟೇವಿಗೆ (ಕಂಪನಾಂಕ ಅರ್ಧಕ್ಕಿಳಿದಾಗಲೊಮ್ಮೆ) 6 ಡೆಸಿಬಲ್ ಮಾತ್ರ ತಡೆಯುವುದರಿಂದ ಜೋರು ವಾಲ್ಯೂಮಿನಲ್ಲಿ ಟ್ವೀಟರ್ ದಣಿಯುತ್ತದೆ. ಕಂಪನಿಯ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ 12 ಡೆಸಿಬಲ್ ಇಳಿಜಾರು ಇರುತ್ತದೆ. ಅದನ್ನೇ ಬಳಸಿ, ಬಾಗಿಲಿನೊಳಗೆ ಇಡದೆ ಡ್ಯಾಶ್‌ಬೋರ್ಡ್ ಅಡಿಯ ಒಣ ಜಾಗದಲ್ಲಿ ಕಟ್ಟಿ. ಟ್ವೀಟರ್ ನೇರ ಕಿವಿಗೆ ಮುಖ ಮಾಡಿದ್ದರೆ ಪೆಟ್ಟಿಗೆಯ ಜಂಪರನ್ನು (ಟ್ವೀಟರಿನ ಸದ್ದಿನ ಮಟ್ಟ ಬದಲಿಸುವ ಸಣ್ಣ ಕೊಂಡಿ) ಮೈನಸ್ 3 ಡೆಸಿಬಲ್‌ಗೆ ಇಡಿ.

ಪ್ಲಸ್-ಮೈನಸ್ ಖಚಿತಪಡಿಸಿಕೊಳ್ಳಲು 1.5 ವೋಲ್ಟ್ ಶೆಲ್ಲನ್ನು ವೂಫರಿಗೆ ಕ್ಷಣಮಾತ್ರ ತಾಗಿಸಿ. ಕೋನ್ ಹೊರಗೆ ಬಂದರೆ ಶೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್. ಟ್ವೀಟರಿಗೆ ಹೀಗೆ ಮಾಡಬೇಡಿ. ಎಡ-ಬಲ ವೂಫರಿನಲ್ಲಿ ಒಂದು ತಿರುಗುಮುರುಗಾದರೆ ಬಾಸ್ ಮಾಯವಾಗುತ್ತದೆ, ಗಾಯಕರ ದನಿ ನಡುವೆ ನಿಲ್ಲದೆ ಎಲ್ಲೋ ತೇಲುತ್ತದೆ. ವೈರು 1.5 ಚದರ ಮಿಲಿಮೀಟರಿನ ಶುದ್ಧ ತಾಮ್ರದ್ದು ಸಾಕು. ಮೂರು ಮೀಟರ್ ದೂರಕ್ಕೆ ಹೋಗಿಬರುವ ಪ್ರತಿರೋಧ 0.07 ಓಮ್, 4 ಓಮಿನ ಮುಂದೆ ಲೆಕ್ಕಕ್ಕಿಲ್ಲ. ಸಾವಿರಾರು ರೂಪಾಯಿಯ ಸ್ಪೀಕರ್ ವೈರು ದಂಡ.

ಆಂಪಿನ ಪವರ್ ವೈರಿನಲ್ಲಿ ಮಾತ್ರ ಕಂಜೂಸಿ ಮಾಡಬೇಡಿ. 300 ವ್ಯಾಟ್ ಕ್ಲಾಸ್-ಡಿ ಆಂಪ್ ತುದಿಯಲ್ಲಿ ಸುಮಾರು 27 ಆಂಪಿಯರ್ ಎಳೆಯುತ್ತದೆ. 8 ಗೇಜ್ ಶುದ್ಧ ತಾಮ್ರದ ವೈರು, ಬ್ಯಾಟರಿಯಿಂದ 45 ಸೆಂಟಿಮೀಟರ್ ಒಳಗೆ 40 ಆಂಪಿಯರ್ ಫ್ಯೂಸ್. ಎಳೆಯನ್ನು ಬ್ಲೇಡಿನಿಂದ ಕೆರೆದಾಗ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ವಾಪಸ್ ಕೊಡಿ. ಅರ್ತ್ ಹಿಡಿಸುವ ಕಡೆ ಬಣ್ಣ ಕೆರೆದು ಹೊಳೆಯುವ ತಗಡಿಗೆ ಬೋಲ್ಟ್ ಹಾಕಿ. ಎಂಜಿನ್ ಏರಿದಂತೆ ಕುಯ್ಯೆಂದು ಏರುವ ಸದ್ದು ಬಂದರೆ ಮೊದಲು ನೋಡಬೇಕಾದದ್ದು ಈ ಅರ್ತ್. ಆಂಪಿನ ಗೇನ್ (ಸದ್ದಿನ ಮಟ್ಟ ಹೊಂದಿಸುವ ತಿರುಪು) ಕಿವಿಯ ಅಂದಾಜಿನಲ್ಲಿ ತಿರುಗಿಸಬೇಡಿ: ಸ್ಪೀಕರ್ ಬಿಚ್ಚಿ, ಆಂಪಿನ ಫಿಲ್ಟರ್ ಬಂದ್ ಮಾಡಿ, ಸ್ಟೀರಿಯೊ ವಾಲ್ಯೂಮ್ ಮುಕ್ಕಾಲಿಗಿಟ್ಟು 60 ಹರ್ಟ್ಸ್ ಟೋನ್ ಹಾಕಿ, ಮಲ್ಟಿಮೀಟರಿನ ಎಸಿ ವೋಲ್ಟ್ 17.3 ತೋರಿಸುವಲ್ಲಿ ನಿಲ್ಲಿಸಿ. 4 ಓಮಿಗೆ 75 ವ್ಯಾಟ್ ಎಂದರೆ ಅಷ್ಟೇ.

ಟೈಮ್ ಅಲೈನ್‌ಮೆಂಟ್ (ಎಲ್ಲ ಸ್ಪೀಕರಿನ ಸದ್ದು ಒಟ್ಟಿಗೆ ಕಿವಿ ಮುಟ್ಟುವಂತೆ ತಡ ಹೊಂದಿಸುವ ಸೌಲಭ್ಯ) ಇರುವ ಸೆಟ್ಟಾದರೆ ಅಳತೆ ಟೇಪ್ ಹಿಡಿದು ಕೂರಿ. ನಮ್ಮಲ್ಲಿ ಚಾಲಕ ಬಲಗಡೆ. ಬಲ ವೂಫರ್ ತಲೆಯಿಂದ 90 ಸೆಂಟಿಮೀಟರ್, ಎಡದ್ದು 150 ಇದ್ದರೆ ವ್ಯತ್ಯಾಸ 60; ಸದ್ದು ಸೆಕೆಂಡಿಗೆ 343 ಮೀಟರ್ ಓಡುವುದರಿಂದ ಬಲಗಡೆಯದನ್ನು 1.75 ಮಿಲಿಸೆಕೆಂಡ್ ತಡ ಮಾಡಬೇಕು. ಎರಡು ವೂಫರ್, ಎರಡು ಟ್ವೀಟರ್, ನಾಲ್ಕಕ್ಕೂ ಹೀಗೆ ಲೆಕ್ಕ ಹಾಕಿದ ಮೇಲೆ ಒಂಟಿ ದನಿಯ ವಚನ ಗಾಯನ ಹಚ್ಚಿ ಕೇಳಿ. ದನಿ ಡ್ಯಾಶ್‌ಬೋರ್ಡ್ ನಡುವೆ ಬಂದು ನಿಂತರೆ ಲೆಕ್ಕ ಸರಿ. ಸಾಮಾನ್ಯ ಸೆಟ್ಟಿನಲ್ಲೂ ಈ ಬದಲಾವಣೆ ಹೈ-ರೆಸ್ ಸ್ಟಿಕ್ಕರ್ ತರುವುದಕ್ಕಿಂತ ಹೆಚ್ಚು ಕೇಳಿಸುತ್ತದೆ.

ಎಲ್ಲ ಜೋಡಿಸಿದ ಮೇಲೆ ಫೋನಿನ ಟೋನ್ ಆ್ಯಪಿನಲ್ಲಿ 30ರಿಂದ 200 ಹರ್ಟ್ಸ್‌ವರೆಗೆ ನಿಧಾನಕ್ಕೆ ಏರಿಸಿ. ಎಲ್ಲಿ ಗಡಗಡ ಬಂತೋ ಅಲ್ಲಿ ಅಂಗೈ ಒತ್ತಿ ನೋಡಿ. ನಿಂತರೆ ಆ ಕ್ಲಿಪ್ಪಿಗೋ ಲಾಕ್ ರಾಡಿಗೋ ಫೋಮ್ ಟೇಪ್ ಸುತ್ತಿ. ವರ್ಷಕ್ಕೊಮ್ಮೆ, ಬೇಸಿಗೆ ಮುಗಿದು ಮಳೆ ಹಿಡಿಯುವ ಮುಂಚೆ, ಡೋರ್ ಪ್ಯಾಡ್ ತೆಗೆದು ಸ್ಕ್ರೂ ಬಿಗಿ ಮಾಡಿ, ತಳದ ನೀರಿನ ತೂತಿನಲ್ಲಿ ಕೆಸರು ಕಟ್ಟಿದ್ದರೆ ತಂತಿಯಿಂದ ಬಿಡಿಸಿ. ನಾಲ್ಕು ಬೆರಳನ್ನು ಕೋನಿನ ಸುತ್ತ ಸಮನಾಗಿಟ್ಟು ಮೆಲ್ಲಗೆ ಒತ್ತಿ, ಕಿವಿ ಹತ್ತಿರ ತನ್ನಿ. ಸದ್ದಿಲ್ಲದೆ ಒಳಗೆ ಹೋಗಿ ಬಂದರೆ ಸಂದು ಶುದ್ಧ. ಸರಸರ ಎಂದರೆ ಪುಡಿ ಒಳಗೆ ಹೊಕ್ಕಿದೆ. ಮಲ್ಟಿಮೀಟರ್ ಇಟ್ಟು ನೋಡಿ, 4 ಓಮ್ ಸ್ಪೀಕರ್ 3.2ರಿಂದ 3.6 ತೋರಿಸಬೇಕು. ಅದಕ್ಕಿಂತ ಬಹಳ ಕೆಳಗೆ ಇಳಿದಿದ್ದರೆ ಕಾಯಿಲ್ ಸುತ್ತು ಶಾರ್ಟ್ ಆಗಿದೆ, ಆಂಪ್ ಸುಡುವ ಮೊದಲು ಆ ಸ್ಪೀಕರನ್ನು ಬಿಚ್ಚಿಬಿಡಿ.